ವಾರ್ಡಿನ ಮಲೇರಿಯಾ ಲೆಕ್ಕದಲ್ಲಿ ಗೋಡೆಯಾಚೆಯ ಶೆಡ್ಡಿನವರು ಇದ್ದಾರೆಯೇ?

ಅತ್ತಾವರದ ಓದುಗ
ಮಂಗಳೂರಿನಲ್ಲಿ ಮಳೆ ಹಿಡಿಯಿತು, ನಮ್ಮ ವಸತಿ ಸಮುಚ್ಚಯದ ಸಂಘದಲ್ಲಿ ಪ್ರತಿ ವರ್ಷದ ಮಾತೂ ಶುರುವಾಯಿತು: ಫಾಗಿಂಗ್ ಮಾಡಿಸಿ, ಫಾಗಿಂಗ್ ಮಾಡಿಸಿ. ನಮ್ಮಲ್ಲಿ ಫೋನ್ ಮಾಡಿ ಕೆಲಸ ಮಾಡಿಸಿಕೊಳ್ಳುವವರಿದ್ದಾರೆ, ಹಾಗಾಗಿ ಸೊಳ್ಳೆಗೆ ಹೊಗೆ ಬಿಡುವ ಯಂತ್ರ ಬರುತ್ತದೆ. ನಮ್ಮ ಹಿತ್ತಿಲ ಗೋಡೆಗೆ ತಾಗಿಕೊಂಡೇ ಇನ್ನೊಂದು ಬಹುಮಹಡಿ ಕಟ್ಟಡ ಏಳುತ್ತಿದೆ. ಅದರ ಕಾರ್ಮಿಕರು ತಗಡಿನ ಶೆಡ್ಡುಗಳಲ್ಲಿ ಇದ್ದಾರೆ. ಯಂತ್ರ ಅತ್ತ ತಿರುಗಿದ್ದನ್ನು ನಾನಂತೂ ಕಂಡಿಲ್ಲ.

ಶೆಡ್ಡುಗಳಲ್ಲೇ ಮಲೇರಿಯಾ ಜಾಸ್ತಿ, ಯಂತ್ರ ಮೊದಲು ಅಲ್ಲಿಗೆ ಹೋಗಲಿ ಎಂದು ಸಂಘದ ಸಭೆಯಲ್ಲಿ ಎತ್ತಿದೆ. "ಅಲ್ಲಿ ಜ್ವರ ಜಾಸ್ತಿ ಎಂದು ನಿಮಗೆ ಹೇಗೆ ಗೊತ್ತು? ಅಂಕಿಸಂಖ್ಯೆ ಇದೆಯೇ?" ಎಂದು ಕಾರ್ಯದರ್ಶಿ ಕೇಳಿದರು. ನನ್ನಲ್ಲಿ ಇರಲಿಲ್ಲ. ದಕ್ಷಿಣ ಕನ್ನಡ ಆರೋಗ್ಯದಲ್ಲಿ ಮುಂದಿರುವ ಜಿಲ್ಲೆ, ಇಲ್ಲಿ ಅಸಮಾನತೆ ಎಂಬುದೆಲ್ಲ ಭಾಷಣದ ಮಾತು ಎಂದೂ ಸೇರಿಸಿದರು.

ವಾರ್ಡುವಾರು ಆರೋಗ್ಯದ ಅಂಕಿಅಂಶ ಸಾಮಾನ್ಯ ನಾಗರಿಕನಿಗೆ ಸಿಗುತ್ತದೆಯೇ? ಸಿಕ್ಕರೆ ಅದನ್ನು ಹಿಡಿದು "ಮೊದಲು ಅಲ್ಲಿಗೆ ಹೋಗಿ" ಎಂದು ಹೇಳಲು ಬರುತ್ತದೆಯೇ? ತಿಳಿದವರು ದಯವಿಟ್ಟು ಬರೆಯಿರಿ.

ಗುಡ್ಡೆಮನೆ
ಮೊದಲು ಆ ಫಾಗಿಂಗ್ ಮೋಹ ಬಿಡಿ. ಹೊಗೆಗೆ ಸಾಯುವುದು ಆ ಹೊತ್ತಿಗೆ ಹಾರಾಡುತ್ತಿರುವ ಸೊಳ್ಳೆ ಮಾತ್ರ. ಟ್ಯಾಂಕಿಯಲ್ಲಿರುವ ಮರಿಗಳು ಆರಾಮವಾಗಿ ಬೆಳೆಯುತ್ತಿರುತ್ತವೆ.

ಬಂದರು ಹುಡುಗ
ಗುಡ್ಡೆಮನೆಯವರೇ, ಅವರು ಕೇಳಿದ್ದು ಹೊಗೆಯ ಗುಣಾವಗುಣವನ್ನಲ್ಲ. ಹೊಗೆಯಾದರೂ ಯಾರ ಪಾಲಿಗೆ ಬಂತು ಎಂದು ಕೇಳುತ್ತಿದ್ದಾರೆ.

ಸಮುದಾಯ ವೈದ್ಯೆ
ಕಾರ್ಯದರ್ಶಿಯವರ ಜಿಲ್ಲೆಯ ಮಾತಿನಿಂದಲೇ ಆರಂಭಿಸುತ್ತೇನೆ. ಜಿಲ್ಲೆಯ ಸರಾಸರಿ ಚೆನ್ನಾಗಿದೆ ಎಂಬುದಕ್ಕೆ ಸಾಮಾನ್ಯವಾಗಿ ತೋರಿಸುವುದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನು. ಅದರ ಐದನೆಯ ಸುತ್ತು ನಡೆದದ್ದು 2019–21ರಲ್ಲಿ. ಅದು ಜಿಲ್ಲಾ ಮಟ್ಟದವರೆಗೆ ಮಾತ್ರ ಇಳಿಯುತ್ತದೆ. ಮಂಗಳೂರು ನಗರಕ್ಕೇ ಪ್ರತ್ಯೇಕ ಅಂಕಿ ಅದರಲ್ಲಿಲ್ಲ, ವಾರ್ಡಿನ ಮಾತು ದೂರವೇ ಉಳಿಯಿತು. ಸುಳ್ಯದ ಅಡಿಕೆ ತೋಟದ ಮನೆಯೂ ಬೈಕಂಪಾಡಿಯ ಬಾಡಿಗೆ ಕೋಣೆಯೂ ಒಂದೇ ಸರಾಸರಿಯೊಳಗೆ ಕರಗಿಹೋಗುತ್ತವೆ. ನಗರದೊಳಗಿನ ಅಂತರವನ್ನು ಆ ಸಮೀಕ್ಷೆ ಬೇರೆಯಾಗಿ ಅಳೆದದ್ದು 2005–06ರ ಮೂರನೆಯ ಸುತ್ತಿನಲ್ಲಿ. ಎಂಟು ನಗರಗಳಲ್ಲಿ ಕೊಳೆಗೇರಿ ಮತ್ತು ಉಳಿದ ಪ್ರದೇಶಗಳನ್ನು ಬೇರ್ಪಡಿಸಿ ನೋಡಿದರು: ದೆಹಲಿ, ಮೀರತ್, ಕೋಲ್ಕತ್ತ, ಇಂದೋರ್, ಮುಂಬಯಿ, ನಾಗಪುರ, ಹೈದರಾಬಾದ್, ಚೆನ್ನೈ. ಕರ್ನಾಟಕದ ಒಂದು ಊರೂ ಅದರಲ್ಲಿರಲಿಲ್ಲ.

ಆದರೆ ಮಲೇರಿಯಾದ ವಿಷಯದಲ್ಲಿ ಮಂಗಳೂರು ಬೇರೆ ಊರುಗಳಿಗಿಂತ ಅದೃಷ್ಟವಂತ ಊರು. 2015ರ ಅಕ್ಟೋಬರ್‌ನಿಂದ ಇಲ್ಲಿ ಮಲೇರಿಯಾ ನಿಯಂತ್ರಣ ತಂತ್ರಾಂಶ ಬಳಕೆಗೆ ಬಂತು. ಪ್ರಯೋಗಾಲಯದಲ್ಲಿ ರಕ್ತದಲ್ಲಿ ರೋಗಾಣು ಕಂಡರೆ ವಿವರ ತಂತ್ರಾಂಶಕ್ಕೆ ಹೋಗುತ್ತದೆ. ಕಾರ್ಯಕರ್ತರು ಟ್ಯಾಬ್ ಹಿಡಿದು ಆ ಮನೆಗೆ ಹೋಗುತ್ತಾರೆ, ಸ್ಥಳ ನಕ್ಷೆಯಲ್ಲಿ ದಾಖಲಾಗುತ್ತದೆ, ಅಕ್ಕಪಕ್ಕದವರ ರಕ್ತಪರೀಕ್ಷೆ ಮತ್ತು ನೀರಿನ ತಪಾಸಣೆ ನಡೆಯುತ್ತದೆ. ಆ ಬಳಿಕ ನಗರದಲ್ಲಿ ಪ್ರಕರಣಗಳು ಗಣನೀಯವಾಗಿ ಇಳಿದವು. ಅಂದರೆ ಮಾಹಿತಿ ವಾರ್ಡಿನ ಮಟ್ಟಕ್ಕೇನು, ಬಾಗಿಲ ಮಟ್ಟಕ್ಕೇ ಇದೆ. ಅದನ್ನು ಯಾರ ಕಡೆಯಿಂದ ಓದುತ್ತೇವೆ ಎಂಬುದಷ್ಟೇ ಉಳಿದಿದೆ.

ಉರ್ವದ ಹಿರಿಯ
ತೊಂಬತ್ತರ ದಶಕದಲ್ಲಿ ಈ ಊರಿನಲ್ಲಿ ಚಳಿಜ್ವರ ನೋಡದ ಮನೆ ಯಾವುದಿತ್ತು? ಆಗ ಟ್ಯಾಬೂ ಇಲ್ಲ, ನಕ್ಷೆಯೂ ಇಲ್ಲ. ಮದುವೆಯ ಚಪ್ಪರದಲ್ಲಿ ಊಟಕ್ಕೆ ಕುಳಿತವರು "ನಿಮಗೆ ಎಷ್ಟನೆಯ ಸಲ?" ಎಂದು ಒಬ್ಬರನ್ನೊಬ್ಬರು ಕೇಳುತ್ತಿದ್ದರು. ಈಗಿನವರಿಗೆ ಇದು ಕಟ್ಟುಕತೆ ಎನಿಸಬಹುದು.

ಕದ್ರಿ ನಿವಾಸಿ
ಸತ್ಯ ಹೇಳಿದರೆ ಯಾರಿಗೂ ಹಿಡಿಸುವುದಿಲ್ಲ. ಕಟ್ಟಡ ಕೆಲಸಕ್ಕೆ ಹೊರಗಿನಿಂದ ಬಂದವರ ಜೊತೆಗೇ ಈ ರೋಗ ಬಂದದ್ದು. ಅವರನ್ನು ಪರೀಕ್ಷೆ ಮಾಡಿಯೇ ಊರೊಳಗೆ ಬಿಡಬೇಕು. ಇದರಲ್ಲಿ ಅಸಮಾನತೆ ಎಲ್ಲಿಂದ ಬಂತು?

ರಕ್ತಲೇಪನ
ಕದ್ರಿಯವರೇ, ಕಾರ್ಮಿಕ ರೋಗಾಣುವನ್ನು ತಂದ ಎಂದೇ ಇಟ್ಟುಕೊಳ್ಳೋಣ. ಸೊಳ್ಳೆಯನ್ನೂ ರೈಲಿನಲ್ಲಿ ತಂದನೇ? ನಗರದ ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೆಫೆನ್ಸಿ ಬೆಳೆಯುವುದು ಚರಂಡಿಯಲ್ಲಲ್ಲ. ಮುಚ್ಚದ ಮೇಲ್ಛಾವಣಿ ಟ್ಯಾಂಕಿ, ಬಳಸದ ಬಾವಿ, ಕಾಂಕ್ರೀಟು ಗಟ್ಟಿಯಾಗಲೆಂದು ನಿಲ್ಲಿಸಿದ ನೀರು, ಇಂಥ ತಿಳಿನೀರು ಅದಕ್ಕೆ ಬೇಕು. ಆ ಟ್ಯಾಂಕಿ ಯಾರದ್ದು, ಆ ಕಾಂಕ್ರೀಟು ಯಾರದ್ದು ಎಂದು ಸ್ವಲ್ಪ ಯೋಚಿಸಿ.

ನಾನು ಪ್ರಯೋಗಾಲಯದಲ್ಲಿ ಬಹಳ ವರ್ಷ ಕೆಲಸ ಮಾಡಿದವಳು. ರೋಗಿಯ ವಿಳಾಸದ ಕಲಮಿನಲ್ಲಿ ಏನು ಬರೆಯುತ್ತಾರೆ ಗೊತ್ತೇ? ಶೆಡ್ಡಿಗೆ ಮನೆ ಸಂಖ್ಯೆ ಇಲ್ಲ. ಹುಡುಗನಿಗೆ ರಸ್ತೆಯ ಹೆಸರು ಬಾರದು. ಮೇಸ್ತ್ರಿಯ ಮೊಬೈಲ್ ಸಂಖ್ಯೆ ಬರೆದು, ವಿಳಾಸಕ್ಕೆ "ಮಂಗಳೂರು" ಎಂದು ಹಾಕಿ ಮುಗಿಸುವುದನ್ನು ಕಣ್ಣಾರೆ ಕಂಡಿದ್ದೇನೆ. ಕಾರ್ಯಕರ್ತರು ಆ ಸಂಖ್ಯೆಗೆ ಕರೆ ಮಾಡಿದರೆ ಮೇಸ್ತ್ರಿ "ಅವನು ಊರಿಗೆ ಹೋದ" ಎನ್ನುತ್ತಾನೆ. ಕೆಲವೊಮ್ಮೆ ನಿಜ, ಕೆಲವೊಮ್ಮೆ ಅವನು ಅದೇ ಕಟ್ಟಡದ ಏಳನೆಯ ಮಹಡಿಯಲ್ಲಿರುತ್ತಾನೆ. ಇಂಥವನು ನಕ್ಷೆಯಲ್ಲಿ ಎಲ್ಲಿ ಕಾಣಬೇಕು?

ಬಂದರು ಹುಡುಗ
ಅಕ್ಕ ಹೇಳಿದ್ದು ನೂರಕ್ಕೆ ನೂರು ನಿಜ. ಇದಕ್ಕೆ ಬೋಟಿನವರನ್ನೂ ಸೇರಿಸಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಹೊರರಾಜ್ಯದ ಕೆಲಸಗಾರರು ಊರಿಗೆ ಹೋಗಿ ಆಗಸ್ಟ್‌ಗೆ ಮರಳುತ್ತಾರೆ, ಮತ್ತೆ ವಾರಗಟ್ಟಲೆ ಆಳಸಮುದ್ರದಲ್ಲಿ. ಅವರಿಗೆ ಜ್ವರ ಬರುವುದು ಬೋಟಿನಲ್ಲಿ, ಪರೀಕ್ಷೆ ಆಗುವುದು ಬೋಟು ನಿಲ್ಲುವ ದಕ್ಕೆಯ ಹತ್ತಿರ. ಲೆಕ್ಕ ಬಂದರು ವಾರ್ಡಿಗೆ ಬೀಳುತ್ತದೆ. ಆಮೇಲೆ "ಬಂದರು, ಕುದ್ರೋಳಿ ಕಡೆ ಹೋಗಬೇಡಿ, ಅಲ್ಲಿ ಮಲೇರಿಯಾ" ಎಂದು ಬೇರೆಯವರು ನಮಗೆ ಬುದ್ಧಿ ಹೇಳುತ್ತಾರೆ. ಬಂಗುಡೆ ಬೇಕಾದಾಗ ಮಾತ್ರ ಬರುತ್ತಾರೆ.

ಗುಡ್ಡೆಮನೆ
ಬಂಗುಡೆ ಈಗ ಕಿಲೋಗೆ ಎಷ್ಟು?

ಬಂದರು ಹುಡುಗ
ಕೇಳಬೇಡಿ. ನಿಷೇಧದ ಕಾಲದಲ್ಲಿ ಮಂಜುಗಡ್ಡೆಯ ಮೀನಿಗೂ ಚಿನ್ನದ ಬೆಲೆ. ಒಣಮೀನಿನ ಚಟ್ನಿ ಮಾಡಿ ಉಣ್ಣಿ.

ಮಣಿಪಾಲದ ವಿದ್ಯಾರ್ಥಿ
ಮೀನು ಆಮೇಲೆ. ಸಂಖ್ಯಾಶಾಸ್ತ್ರ ಓದುತ್ತಿರುವವನು, ಒಂದು ಸಣ್ಣ ಲೆಕ್ಕ ಇಡುತ್ತೇನೆ. ಇದು ನಿಜವಾದ ಅಂಕಿಯಲ್ಲ, ವಿಧಾನ ತೋರಿಸಲು ಕಲ್ಪಿಸಿಕೊಂಡದ್ದು.

2011ರ ಜನಗಣತಿಯಲ್ಲಿ ನಗರದ ಜನಸಂಖ್ಯೆ ಐದು ಲಕ್ಷಕ್ಕೆ ಸ್ವಲ್ಪ ಕಡಿಮೆ, ವಾರ್ಡುಗಳು 60. ವಾರ್ಡಿಗೆ ಸುಮಾರು 8,000 ಜನ ಎಂದುಕೊಳ್ಳಿ. ಮಲೇರಿಯಾದ ವಾರ್ಷಿಕ ಸೂಚ್ಯಂಕ ಎಂದರೆ ವರ್ಷಕ್ಕೆ ಸಾವಿರ ಜನರಿಗೆ ಎಷ್ಟು ಪ್ರಕರಣ ಎಂಬುದು. ಒಂದು ವಾರ್ಡಿನಲ್ಲಿ 8 ಪ್ರಕರಣ ಬಂದರೆ ಸೂಚ್ಯಂಕ 1. ಕಾಗದದ ಮೇಲೆ ಗಾಬರಿಯಾಗುವಂಥದ್ದಲ್ಲ. ಆದರೆ ಆ ಎಂಟೂ 300 ಜನರಿರುವ ಒಂದೇ ಶೆಡ್ಡಿನ ಸಾಲಿನಿಂದ ಬಂದಿದ್ದರೆ? ಅಲ್ಲಿ ಸಾವಿರಕ್ಕೆ 26ಕ್ಕೂ ಹೆಚ್ಚು. ಉಳಿದ ಇಡೀ ವಾರ್ಡಿನಲ್ಲಿ ಸೊನ್ನೆ. ಒಂದೇ ವಾರ್ಡು, ಗೋಡೆಯ ಎರಡು ಬದಿಗೆ ಎರಡು ಊರು.

ಇನ್ನೂ ಒಂದು ತಮಾಷೆ ಇದೆ. ಆ 300 ಜನ 2011ರ 8,000ದೊಳಗೆ ಇಲ್ಲವೇ ಇಲ್ಲ. ಭಾಗಿಸುವಾಗ ಮೇಲಿನ ಸಂಖ್ಯೆಯಲ್ಲಿ ಅವರಿದ್ದಾರೆ, ಕೆಳಗಿನದ್ದರಲ್ಲಿ ಇಲ್ಲ. 2021ರ ಜನಗಣತಿ ನಡೆಯಲಿಲ್ಲ. ಮುಂದಿನದ್ದರ ಉಲ್ಲೇಖ ದಿನಾಂಕ 2027ರ ಮಾರ್ಚ್ 1. ಅಲ್ಲಿಯವರೆಗೆ ಯಾವ ವಾರ್ಡಿನ ದರ ಹೇಳಿದರೂ ಕೆಳಗಿನ ಸಂಖ್ಯೆ ಅಂದಾಜಿನದ್ದೇ.

ಕದ್ರಿ ನಿವಾಸಿ
ಹಾಗಾದರೆ ನಾನು ಹೇಳಿದ್ದೇ ಸರಿಯಾಯಿತಲ್ಲ. ಎಂಟೂ ಶೆಡ್ಡಿನದ್ದೇ.

ಮಣಿಪಾಲದ ವಿದ್ಯಾರ್ಥಿ
ಸರ್, ಅದು ಕಲ್ಪಿತ ಲೆಕ್ಕ ಎಂದು ಮೊದಲ ಸಾಲಿನಲ್ಲೇ ಬರೆದಿದ್ದೇನೆ.

ಸಮುದಾಯ ವೈದ್ಯೆ
ನಿಜವೇ ಆಗಿದ್ದರೂ ಅದರಿಂದ ಬರುವ ತೀರ್ಮಾನ ಬೇರೆ. ಇಲ್ಲಿ ಹೆಚ್ಚು ಕಾಣುವುದು ವೈವ್ಯಾಕ್ಸ್ ಮಲೇರಿಯಾ. ಅದರ ರೋಗಾಣು ಯಕೃತ್ತಿನಲ್ಲಿ ಅಡಗಿ ಕುಳಿತು ವಾರಗಳೋ ತಿಂಗಳುಗಳೋ ಕಳೆದು ಮತ್ತೆ ಎದ್ದುಬರಬಹುದು. ಅದನ್ನು ತೊಡೆಯಲು ಪ್ರೈಮಾಕ್ವಿನ್ ಮಾತ್ರೆಯನ್ನು 14 ದಿನ ತೆಗೆದುಕೊಳ್ಳಬೇಕು (ಗರ್ಭಿಣಿಯರಿಗೆ ಇದನ್ನು ಕೊಡುವುದಿಲ್ಲ, ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರಲ್ಲಿ ಎಚ್ಚರ ಬೇಕು). ಮೂರು ದಿನಕ್ಕೆ ಜ್ವರ ಬಿಡುತ್ತದೆ. ದಿನಗೂಲಿಯವನು ನಾಲ್ಕನೆಯ ದಿನ ಕೆಲಸಕ್ಕೆ ಹತ್ತುತ್ತಾನೆ, ಉಳಿದ ಮಾತ್ರೆ ಶೆಡ್ಡಿನಲ್ಲೇ ಉಳಿಯುತ್ತದೆ. ಮರಳಿ ಜ್ವರ ಬಂದರೆ ಅವನದ್ದೇ ತಪ್ಪು ಎನ್ನುತ್ತೇವೆ. ರಜೆಯ ದಿನಕ್ಕೆ ಕೂಲಿ ಕೊಡದವನ ಹೆಸರು ಯಾವ ನಮೂನೆಯಲ್ಲೂ ಇಲ್ಲ.

ಇನ್ನೊಂದು. ನಿರ್ಮೂಲನಾ ಕಾರ್ಯಕ್ರಮದಲ್ಲಿ ಪ್ರತಿ ಪ್ರಕರಣವನ್ನು ಸ್ಥಳೀಯವೋ ಹೊರಗಿನಿಂದ ಬಂದದ್ದೋ ಎಂದು ವಿಂಗಡಿಸುತ್ತಾರೆ. ವೈಜ್ಞಾನಿಕವಾಗಿ ಅದು ಅಗತ್ಯವೇ. 2027ಕ್ಕೆ ಸ್ಥಳೀಯ ಪ್ರಕರಣ ಸೊನ್ನೆಗೆ ಇಳಿಯಬೇಕು, 2030ಕ್ಕೆ ನಿರ್ಮೂಲನೆ ಎಂಬುದು ದೇಶದ ಗುರಿ. ಗುರಿ ಹತ್ತಿರವಾದಂತೆ "ಹೊರಗಿನದ್ದು" ಎಂಬ ಕಲಮು ಬಹಳ ಆಕರ್ಷಕವಾಗಿ ಕಾಣತೊಡಗುವ ಅಪಾಯವಿದೆ. ಎರಡು ವರ್ಷದಿಂದ ಇಲ್ಲೇ ಇರುವ ಕಾರ್ಮಿಕ ಅದರೊಳಗೆ ಸೇರಿದರೆ ಲೆಕ್ಕ ಸುಂದರವಾಗುತ್ತದೆ, ಸೊಳ್ಳೆಗೆ ಅದು ತಿಳಿಯುವುದಿಲ್ಲ.

ತೋಡಿನ ಬದಿ
ಮಲೇರಿಯಾ ಒಂದನ್ನೇ ಹಿಡಿದುಕೊಂಡರೆ ಹೇಗೆ? 2019ರ ಡೆಂಗಿ ನೆನಪಿದೆಯೇ? ಗುಜ್ಜರಕೆರೆ, ಜೆಪ್ಪು ಕಡೆ ಜನ ತತ್ತರಿಸಿದ್ದರು. ಅದೇ ವರ್ಷ ಆಗಸ್ಟ್‌ನಲ್ಲಿ ಪಚ್ಚನಾಡಿಯ ಕಸದ ಗುಡ್ಡೆ ಜರಿದು ಮಂದಾರದ ತೋಟ, ಮನೆಗಳ ಮೇಲೆ ಹರಿಯಿತು. ಊರಿಡೀ ಹಾಕಿದ ಕಸ, ಅನುಭವಿಸಿದ್ದು ಒಂದು ಮೂಲೆ. ಅಲ್ಲಿನವರ ಕೆಮ್ಮು, ಚರ್ಮರೋಗ, ಬಾವಿ ನೀರು ಇವನ್ನೆಲ್ಲ ವರ್ಷವರ್ಷ ಒಂದೇ ಕಡೆ ಬರೆದಿಡುವ ವ್ಯವಸ್ಥೆ ಇದ್ದರೆ ತೋರಿಸಿ. ಮಲೇರಿಯಾಕ್ಕೆ ತಂತ್ರಾಂಶ ಬಂದದ್ದು ಆ ಜ್ವರ ಉಳ್ಳವರಿರುವ ಕದ್ರಿಗೂ ಬರುತ್ತದೆ ಎಂಬ ಕಾರಣಕ್ಕೆ ಎಂದು ನನ್ನ ಗುಮಾನಿ.

ಕದ್ರಿ ನಿವಾಸಿ
ನಮ್ಮ ಊರಿನ ಮೇಲೆ ಎಲ್ಲರಿಗೂ ಯಾಕೆ ಕಣ್ಣು?

ಕುಳಾಯಿಯ ಆಶಾ
ನಾನು ಆಶಾ ಕಾರ್ಯಕರ್ತೆ. ಮನೆಮನೆ ತಿರುಗುವವಳು. ತೋಡಿನ ಬದಿಯವರ ಮಾತಿಗೆ ಸೇರಿಸುವುದು ಇಷ್ಟಿದೆ: 30 ವರ್ಷ ದಾಟಿದವರ ಬಿಪಿ, ಸಕ್ಕರೆ ತಪಾಸಣೆಯ ಪಟ್ಟಿ ನಮ್ಮಲ್ಲಿದೆ. ಅದರಲ್ಲಿ ಯಾರಿದ್ದಾರೆ? ಹಗಲು ಮನೆಯಲ್ಲಿ ಇರುವವರು. ಅಜ್ಜಿಯರು, ಅಜ್ಜಂದಿರು, ಬೀಡಿ ಕಟ್ಟುವ ಹೆಂಗಸರು. ನಲವತ್ತರ ಗಂಡಸು ನನಗೆ ಸಿಗುವುದು ಭಾನುವಾರ ಮಾತ್ರ, ಆಗಲೂ "ನನಗೇನೂ ಇಲ್ಲ ಅಕ್ಕ" ಎನ್ನುತ್ತಾನೆ. ಸರ್ಕಾರದ "ನಮ್ಮ ಕ್ಲಿನಿಕ್" ಬಾಗಿಲು ತೆರೆದಿರುವುದು ಬೆಳಿಗ್ಗೆ 9ರಿಂದ ಸಂಜೆ 4.30. ಕೈಗಾರಿಕಾ ಪ್ರದೇಶದಲ್ಲಿ ಪಾಳಿ ಕೆಲಸ ಮಾಡುವವನು ಅರ್ಧ ದಿನದ ಸಂಬಳ ಬಿಟ್ಟು ಬಿಪಿ ನೋಡಿಸಲು ಬರುತ್ತಾನೆಯೇ?

ಹಾಗಾಗಿ ನಮ್ಮ ಪಟ್ಟಿ ನೋಡಿ "ಇಲ್ಲಿ ಬಿಪಿ ಇರುವುದು ಮುದುಕಿಯರಿಗೆ" ಎಂದು ಯಾರಾದರೂ ಬರೆದರೆ ನನಗೆ ನಗು ಬರುತ್ತದೆ.

ಕ್ಷಯದ್ದೂ ಹೀಗೆಯೇ. ಚಿಕಿತ್ಸೆಯಲ್ಲಿರುವವರಿಗೆ ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 500 ರೂಪಾಯಿ ಇದ್ದದ್ದು 2024ರ ನವೆಂಬರ್‌ನಿಂದ 1,000 ಆಗಿದೆ. ಒಳ್ಳೆಯದೇ. ಆದರೆ ಹಣ ಬ್ಯಾಂಕ್ ಖಾತೆಗೆ ಬರುತ್ತದೆ. ಖಾತೆಯ ಪುಸ್ತಕ ಬಾಗಲಕೋಟೆಯಲ್ಲಿ ಅಪ್ಪನ ಬಳಿ ಇರುವ ಹುಡುಗನಿಗೆ ಏನು ಹೇಳಲಿ?

ರಕ್ತಲೇಪನ
ಇದನ್ನು ಎಲ್ಲರೂ ಓದಬೇಕು. ಅಂಕಿಯನ್ನು ಹೆಗಲ ಮೇಲೆ ಹೊತ್ತು ತರುವವರು ಇವರು.

ಉಡುಪಿ ಎಕ್ಸ್‌ಪ್ರೆಸ್
ಸಾವಿನ ದಾಖಲೆಯಿಂದ ನೋಡಬಾರದೇ? ಯಾವ ವಾರ್ಡಿನಲ್ಲಿ ಯಾವ ವಯಸ್ಸಿಗೆ, ಯಾವ ಕಾರಣಕ್ಕೆ ಸಾಯುತ್ತಾರೆ ಎಂಬುದಕ್ಕಿಂತ ದೊಡ್ಡ ಅಸಮಾನತೆಯ ಲೆಕ್ಕ ಯಾವುದಿದೆ? ಎಲ್ಲ ಸಾವೂ ನೋಂದಣಿಯಾಗುತ್ತದಲ್ಲ.

ಸಮುದಾಯ ವೈದ್ಯೆ
ಆಲೋಚನೆ ಸರಿ, ಆದರೆ ಮಂಗಳೂರಿನಲ್ಲಿ ಅದು ಕಾಲು ಜಾರುವ ಜಾಗ. 1969ರ ಕಾಯ್ದೆಯ ಪ್ರಕಾರ ಸಾವು ನೋಂದಣಿಯಾಗುವುದು ಘಟಿಸಿದ ಸ್ಥಳದಲ್ಲಿ. ಹಂಪನಕಟ್ಟೆಯ ವೆನ್ಲಾಕ್ ಸರ್ಕಾರಿ ಆಸ್ಪತ್ರೆಗೆ ಕಾಸರಗೋಡು, ಕೊಡಗು, ಚಿಕ್ಕಮಗಳೂರು, ಉತ್ತರ ಕನ್ನಡದಿಂದ ರೋಗಿಗಳು ಬರುತ್ತಾರೆ. ಖಾಸಗಿ ವೈದ್ಯಕೀಯ ಕಾಲೇಜುಗಳಿಗೂ ಹಾಗೆಯೇ. ಅವರಲ್ಲಿ ಸತ್ತವರೆಲ್ಲ ನಗರದ ನೋಂದಣಿಗೆ ಸೇರುತ್ತಾರೆ. ಖಾಯಂ ವಿಳಾಸದ ಕಲಮು ಹಿಡಿದು ಬೇರ್ಪಡಿಸದೆ ವಾರ್ಡುವಾರು ಎಣಿಸಿದರೆ ಹಂಪನಕಟ್ಟೆಯೇ ರಾಜ್ಯದ ಅತ್ಯಂತ ಅಪಾಯದ ಸ್ಥಳ ಎಂದು ಬರುತ್ತದೆ! ಕಾರಣದ ವಿಷಯಕ್ಕೆ ಬಂದರೆ ಆಸ್ಪತ್ರೆಯ ಸಾವಿಗೆ ವೈದ್ಯರು ನಮೂನೆ 4 ತುಂಬುತ್ತಾರೆ, ಮನೆಯಲ್ಲಾದರೆ 4ಎ. "ಹೃದಯ ಸ್ತಂಭನ" ಎಂದಷ್ಟೇ ಬರೆದ ನಮೂನೆಯಿಂದ ಏನನ್ನೂ ಕಲಿಯಲಾಗದು. ಹೃದಯ ನಿಲ್ಲದೆ ಯಾರು ಸಾಯುತ್ತಾರೆ?

ಗುಡ್ಡೆಮನೆ
ಹಂಪನಕಟ್ಟೆಯ ಸಂಜೆಯ ವಾಹನ ದಟ್ಟಣೆಯಲ್ಲಿ ಸಿಕ್ಕಿದವರಿಗೆ ಇದು ಹೊಸ ವಿಷಯವಲ್ಲ.

ಸಿಮೆಂಟು ಮರಳು
ನಾನು ಸಿವಿಲ್ ಎಂಜಿನಿಯರ್. ಬೈಯುವುದಾದರೆ ಬೈಯಿರಿ, ಆಮೇಲೆ ಕೇಳಿ.

ಮಲೇರಿಯಾ ನಕ್ಷೆಯ ಜೊತೆಗೆ ಜೋಡಿಸಬೇಕಾದ ಪಟ್ಟಿ ಬೇರೆ ಕಡೆ ಸಿದ್ಧವಾಗಿಯೇ ಇದೆ. ಪ್ರತಿ ಕಟ್ಟಡಕ್ಕೂ ಪರವಾನಗಿ ಇದೆ, ಅದರಲ್ಲಿ ಸರ್ವೆ ಸಂಖ್ಯೆ, ಮಹಡಿ, ಅವಧಿ ಇದೆ. ಕಟ್ಟಡ ಕಾರ್ಮಿಕರ ಕಾನೂನಿನಲ್ಲಿ ನೋಂದಣಿ ಇದೆ, ನಿರ್ಮಾಣ ವೆಚ್ಚದ ಮೇಲೆ ಶೇ 1 ಸೆಸ್ ಕಟ್ಟುತ್ತೇವೆ. ಯಾವ ತಿಂಗಳು ಎಲ್ಲಿ ಸ್ಲ್ಯಾಬ್ ಬೀಳುತ್ತದೆ, ಎಲ್ಲಿ ನೀರು ನಿಲ್ಲಿಸುತ್ತಾರೆ, ಎಲ್ಲಿ ಎಷ್ಟು ಜನ ಮಲಗುತ್ತಾರೆ ಎಂಬುದು ಜ್ವರ ಬರುವ ಮೊದಲೇ ಗೊತ್ತಾಗಬಹುದಾದ ವಿಷಯ. ರೋಗಿ ಬಂದ ಮೇಲೆ ಚುಕ್ಕೆ ಇಡುವುದಕ್ಕಿಂತ ಪರವಾನಗಿ ಕೊಡುವಾಗಲೇ ಚುಕ್ಕೆ ಇಡಬಹುದು. ಶೆಡ್ಡಿಗೂ ಒಂದು ಸಂಖ್ಯೆ ಕೊಡಿ, ರಕ್ತಲೇಪನದವರ ವಿಳಾಸದ ಸಮಸ್ಯೆಯೂ ಅರ್ಧ ಮುಗಿಯುತ್ತದೆ.

ಕಾಂಕ್ರೀಟಿಗೆ ನೀರು ನಿಲ್ಲಿಸದೆ ಆಗುವುದಿಲ್ಲ ಎಂಬ ವಾದವೂ ಬೇಡ. ಒದ್ದೆ ಗೋಣಿ ಹೊದೆಸಿ ಮಾಡಬಹುದು, ಲೇಪನ ಹಚ್ಚಿಯೂ ಮಾಡಬಹುದು. ನಿಲ್ಲಿಸಿದರೂ ವಾರಕ್ಕೊಮ್ಮೆ ಪೂರ್ತಿ ಬರಿದು ಮಾಡಿ ಒಣಗಿಸಿದರೆ ಮರಿ ಸೊಳ್ಳೆಯಾಗುವುದಿಲ್ಲ.

ಬಂದರು ಹುಡುಗ
ಮಾರಾಯರೇ, ಒಬ್ಬ ಎಂಜಿನಿಯರ್ ಇದನ್ನು ಹೇಳಿದ್ದು ನೋಡಿ ನನಗೇ ಜ್ವರ ಬಂದ ಹಾಗಾಯಿತು.

ತೋಡಿನ ಬದಿ
ದಂಡದ ನಿಯಮ ಇದೆಯಲ್ಲ? 2024ರಲ್ಲಿ ಡೆಂಗಿಗಾಗಿ ಸರ್ಕಾರ ತಂದದ್ದು. ಮನೆಗೊಂದು ದರ, ಅಂಗಡಿ ಹೋಟೆಲಿಗೆ ಹೆಚ್ಚು, ನಿರ್ಮಾಣದ ಜಾಗಕ್ಕೆ ಎಲ್ಲಕ್ಕಿಂತ ಹೆಚ್ಚು.

ಸಿಮೆಂಟು ಮರಳು
ಇದೆ. ಕೋಟಿಗಟ್ಟಲೆಯ ಕಟ್ಟಡಕ್ಕೆ ಆ ಮೊತ್ತ ಚಹಾದ ಖರ್ಚು.

ರಕ್ತಲೇಪನ
ವಾರ್ಡಿನ ನಕ್ಷೆ ಕೈಗೆ ಸಿಕ್ಕರೆ ಕೇವಲ ಪ್ರಕರಣದ ಸಂಖ್ಯೆ ನೋಡಬೇಡಿ. ಎಷ್ಟು ಜನರ ರಕ್ತ ಪರೀಕ್ಷೆ ಮಾಡಿದರು ಎಂಬ ಕಲಮನ್ನು ಮೊದಲು ಕೇಳಿ. ವರ್ಷಕ್ಕೆ ನೂರಕ್ಕೆ ಕನಿಷ್ಠ 10 ಜನರ ರಕ್ತಪರೀಕ್ಷೆ ಎಂಬುದು ಹಳೆಯ ಮಾನದಂಡ. ಒಂದು ವಾರ್ಡಿನಲ್ಲಿ ಸೊನ್ನೆ ಪ್ರಕರಣ ಎಂದರೆ ರೋಗವಿಲ್ಲದಿರಬಹುದು, ಯಾರೂ ಸೂಜಿ ಚುಚ್ಚದೆಯೂ ಇರಬಹುದು. ಶ್ರಮಪಟ್ಟು ಹುಡುಕಿದ ಕಾರ್ಯಕರ್ತನ ವಾರ್ಡು ಕೆಂಪಾಗಿ, ಮನೆಯಲ್ಲೇ ಕುಳಿತವನ ವಾರ್ಡು ಹಸಿರಾಗಿ ಕಾಣುವುದನ್ನು ನಾನು ನೋಡಿದ್ದೇನೆ. ಬೈಗುಳ ಯಾರಿಗೆ ಬಿತ್ತು ಎಂದು ಹೇಳಬೇಕಾಗಿಲ್ಲ.

ಅತ್ತಾವರದ ಓದುಗ
ಇಷ್ಟು ವಿಷಯ ಬರುತ್ತದೆ ಎಂದುಕೊಂಡಿರಲಿಲ್ಲ. ಹಾಗಾದರೆ ನಕ್ಷೆಯನ್ನು ಪೂರ್ತಿ ಸಾರ್ವಜನಿಕ ಮಾಡಿ ಎಂದು ಕೇಳೋಣವೇ? ಪ್ರತಿ ಚುಕ್ಕೆಯೂ ಎಲ್ಲರಿಗೆ ಕಾಣುವಂತೆ?

ಕುಳಾಯಿಯ ಆಶಾ
ಬೇಡವೇ ಬೇಡ ಅಣ್ಣ. 2020ರ ಮಾರ್ಚ್‌ನಲ್ಲಿ ಕ್ವಾರಂಟೈನ್‌ನಲ್ಲಿದ್ದವರ ವಿಳಾಸದ ಪಟ್ಟಿಗಳು ಮೊಬೈಲ್‌ನಿಂದ ಮೊಬೈಲ್‌ಗೆ ಹರಿದಾಡಿದ್ದು ಮರೆತಿರಾ? ಹಾಲಿನವನು ಬರಲಿಲ್ಲ, ನೆರೆಯವರು ಕಿಟಕಿ ಮುಚ್ಚಿದರು. ಶೆಡ್ಡಿನ ಮೇಲೆ ಚುಕ್ಕೆ ಬಿದ್ದರೆ ಮಾರನೆಯ ದಿನ ಗುತ್ತಿಗೆದಾರ ಜ್ವರದವನನ್ನು ಊರಿಗೆ ಅಟ್ಟುತ್ತಾನೆ. ಮುಂದಿನ ಸಲ ಯಾರೂ ನನಗೆ ಜ್ವರ ಎಂದು ಹೇಳುವುದಿಲ್ಲ.

ಮಣಿಪಾಲದ ವಿದ್ಯಾರ್ಥಿ
ಆಶಾ ಅಕ್ಕನ ಮಾತು ಸರಿ. ಚುಕ್ಕೆ ಕಾರ್ಯಕರ್ತರ ಕೈಯಲ್ಲಿ ಇರಲಿ. ಹೊರಗೆ ಬರಬೇಕಾದದ್ದು ಒಟ್ಟು ಸಂಖ್ಯೆ. ಸಣ್ಣ ಸಂಖ್ಯೆ ಬಂದ ಕಡೆ "ಐದಕ್ಕಿಂತ ಕಡಿಮೆ" ಎಂದು ಬರೆಯುವ ಪದ್ಧತಿ ಹಲವೆಡೆ ಇದೆ. ಎರಡೋ ಮೂರೋ ವರ್ಷದ ಅಂಕಿ ಕೂಡಿಸಿದರೆ ಒಂದು ಪ್ರಕರಣಕ್ಕೆ ದರ ಹುಚ್ಚೆದ್ದು ಕುಣಿಯುವುದೂ ತಪ್ಪುತ್ತದೆ. ಬೇಕಾದವರು ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಹೊರತಂದ ಅರ್ಬನ್ ಹಾರ್ಟ್ ಎಂಬ ಸಾಧನ ನೋಡಿ. ಒಂದೇ ನಗರದ ಪ್ರದೇಶಗಳನ್ನು ಸಾಲಾಗಿಟ್ಟು ನೀರು, ಶೌಚ, ಶಿಕ್ಷಣ, ರೋಗಗಳಿಗೆ ಹಸಿರು, ಹಳದಿ, ಕೆಂಪು ಬಣ್ಣ ಹಚ್ಚುತ್ತಾರೆ. ರೋಗದ ಪಕ್ಕದಲ್ಲೇ ನಲ್ಲಿ ನೀರಿನ ಕಲಮೂ ಇರುವುದರಿಂದ ಬೈಗುಳ ರೋಗಿಗೆ ಹೋಗದೆ ನಲ್ಲಿಯ ಕಡೆ ತಿರುಗುತ್ತದೆ.

ಉಡುಪಿ ಎಕ್ಸ್‌ಪ್ರೆಸ್
ಬಣ್ಣ ಹಚ್ಚಿದ ಮೇಲೆ ಹಣ ಯಾರು ಕೊಡುತ್ತಾರೆ? ಅದನ್ನು ಯಾರೂ ಹೇಳಲಿಲ್ಲ.

ನಿವೃತ್ತ ಗುಮಾಸ್ತ
ಹಣದ ಮಾತು ಹಣವಂತರಿಗೆ ಬಿಡಿ. ಈಗ ಅರ್ಜಿಯ ಮಾತು. ಮಾಹಿತಿ ಹಕ್ಕಿನಲ್ಲಿ ಕೇಳಿ: ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಇಲ್ಲಿನ ಚರ್ಚೆಯನ್ನೆಲ್ಲ ಅದರೊಳಗೆ ತುರುಕಲು ಹೋದರೆ ಅರ್ಜಿ ಹಿಂದೆ ಬರುತ್ತದೆ. "ಅಸಮಾನತೆಯ ವಿವರ ಕೊಡಿ" ಎಂದು ಕೇಳಿದರೆ "ಅಂಥ ಕಡತ ಲಭ್ಯವಿಲ್ಲ" ಎಂಬ ಉತ್ತರ ಖಚಿತ. ಕಡತದಲ್ಲಿ ಯಾವ ಕಲಮು ಇದೆಯೋ ಅದನ್ನೇ ಹೆಸರಿಸಿ ಕೇಳಬೇಕು.

ಅತ್ತಾವರದ ಓದುಗ
ಹೀಗೆ ಬರೆದರೆ ಸಾಕೇ? "ಕಳೆದ ಮೂರು ವರ್ಷಗಳಲ್ಲಿ ಪ್ರತಿ ವಾರ್ಡಿನಲ್ಲಿ ತಿಂಗಳುವಾರು (1) ಮಲೇರಿಯಾ ರಕ್ತಪರೀಕ್ಷೆಗಳ ಸಂಖ್ಯೆ, (2) ದೃಢಪಟ್ಟ ಪ್ರಕರಣಗಳು, (3) ಅವುಗಳಲ್ಲಿ ಸ್ಥಳೀಯ ಮತ್ತು ಹೊರಗಿನವು ಎಂದು ವಿಂಗಡಿಸಿದ ಸಂಖ್ಯೆ, (4) 14 ದಿನದ ಚಿಕಿತ್ಸೆ ಪೂರ್ಣಗೊಳಿಸಿದವರು, (5) ವಿಳಾಸ ಪತ್ತೆಯಾಗದ ಪ್ರಕರಣಗಳು, (6) ನಿರ್ಮಾಣ ಸ್ಥಳಗಳಲ್ಲಿ ನಡೆದ ಲಾರ್ವಾ (ಸೊಳ್ಳೆ ಮರಿ) ತಪಾಸಣೆಗಳು. ಹೆಸರು, ವಿಳಾಸ ಬೇಡ."

ರಕ್ತಲೇಪನ
ಐದನೆಯದನ್ನು ಮೊದಲಿಗೆ ತನ್ನಿ.

ನಿವೃತ್ತ ಗುಮಾಸ್ತ
ಆರನೆಯದು ಬೇರೆ ವಿಷಯ ಎಂದು ತಕರಾರು ತೆಗೆಯಬಹುದು. ಅದಕ್ಕೆ ಇನ್ನೊಂದು ಅರ್ಜಿ, ಇನ್ನೊಂದು ಹತ್ತು ರೂಪಾಯಿ.

ಕದ್ರಿ ನಿವಾಸಿ
ನಮ್ಮ ವಾರ್ಡಿನದ್ದೂ ಬರುತ್ತದಲ್ಲ? ಬಂದ ಕೂಡಲೇ ಇಲ್ಲಿ ಹಾಕಿ. ಆ ಇನ್ನೊಂದು ಹತ್ತು ರೂಪಾಯಿ ನಾನು ಕೊಡುತ್ತೇನೆ.